ಟರ್ಟುಲಿಯನ್‌ಗೆ ರೋಮ್ ಮೇಲೆ ಯಾಕೆ ಸಿಟ್ಟು?

ರೋಮನ್ ಇತಿಹಾಸ ಪಾಠ ಮಾಡುವಾಗ ನಾನು ಜಾಸ್ತಿ ಕೇಳುವ ಮಾತು ಇದು: ಕ್ರೈಸ್ತರನ್ನು ಸಿಂಹಕ್ಕೆ ಹಾಕಿದರು, ಹಾಗಾಗಿ ಅವರು ರೋಮ್ ಹಾಳಾಗಲಿ ಅಂತ ಕಾಯುತ್ತಿದ್ದರು. ಹಾಗೆ ಕಾಯದವರೂ ಇದ್ದರು. ಟರ್ಟುಲಿಯನ್ ಬರೆದದ್ದನ್ನು ಓದಿ.

ಈತ ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಕ್ರೈಸ್ತ ಲೇಖಕ. ಕ್ರಿ.ಶ. 197ರ ಸುಮಾರಿಗೆ ಕ್ರೈಸ್ತರ ಪರವಾಗಿ ಬರೆದ 'ಅಪೊಲೊಜೆಟಿಕಮ್' ಎಂಬ ಪುಸ್ತಕದಲ್ಲಿ ರೋಮನ್ ಅಧಿಕಾರಿಗಳನ್ನೇ ಎದುರಿಗೆ ಕೂರಿಸಿಕೊಂಡವನ ಹಾಗೆ ವಾದಿಸುತ್ತಾನೆ. ಚಕ್ರವರ್ತಿಗೆ ದೀರ್ಘಾಯುಷ್ಯ, ಗಟ್ಟಿ ಸೈನ್ಯ, ನಿಷ್ಠೆಯ ಸೆನೆಟ್ ಕೊಡು ಅಂತ ನಾವು ದೇವರನ್ನು ಬೇಡುತ್ತೇವೆ ಅನ್ನುತ್ತಾನೆ. ಸಾಮ್ರಾಜ್ಯ ನಿಂತಿರುವಷ್ಟು ದಿನ ಲೋಕದ ಅಂತ್ಯವೂ ಮುಂದೆ ಹೋಗುತ್ತದೆ ಅನ್ನುವುದು ಅವನ ನಂಬಿಕೆ. ಆದರೆ ಚಕ್ರವರ್ತಿಯನ್ನು ದೇವರು ಅನ್ನಲಾರೆ, ಅವನು ಮನುಷ್ಯ, ಅಷ್ಟೇ ಅನ್ನುತ್ತಾನೆ.

ಅವನ ನಿಜವಾದ ಸಿಟ್ಟು ಕಾನೂನಿನ ಮೇಲೆ. ಸುಮಾರು 112ರಲ್ಲಿ ಬಿಥಿನಿಯಾದ (ಇಂದಿನ ಟರ್ಕಿಯ ಭಾಗ) ರಾಜ್ಯಪಾಲ ಪ್ಲಿನಿ, ಈ ಕ್ರೈಸ್ತರನ್ನು ಏನು ಮಾಡಲಿ ಅಂತ ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದಿದ್ದ. ಹುಡುಕಿಕೊಂಡು ಹೋಗಬೇಡ, ಯಾರಾದರೂ ಹಿಡಿದು ತಂದು ಸಾಬೀತಾದರೆ ಶಿಕ್ಷಿಸು, ನಮ್ಮ ದೇವರಿಗೆ ಪೂಜೆ ಮಾಡಿದರೆ ಬಿಟ್ಟುಬಿಡು ಅಂತ ಉತ್ತರ ಬಂತು. ಟರ್ಟುಲಿಯನ್ ಇದನ್ನು ವಕೀಲನ ಹಾಗೆ ಬಿಡಿಸುತ್ತಾನೆ: ತಪ್ಪಿತಸ್ಥರಾದರೆ ಯಾಕೆ ಹುಡುಕುವುದಿಲ್ಲ, ನಿರಪರಾಧಿಗಳಾದರೆ ಯಾಕೆ ಶಿಕ್ಷೆ? ಬೇರೆ ಅಪರಾಧಿಗಳಿಗೆ ತಪ್ಪು ಒಪ್ಪಿಕೊಳ್ಳಲಿ ಅಂತ ಚಿತ್ರಹಿಂಸೆ ಕೊಡುತ್ತೀರಿ, ನಮಗೆ ಮಾತ್ರ ಅಲ್ಲಗಳೆಯಲಿ ಅಂತ ಕೊಡುತ್ತೀರಿ! ಎಂಥ ಪ್ರಶ್ನೆ ಅಲ್ವಾ? ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

250ರ ಹೊತ್ತಿಗೆ ಪರಿಸ್ಥಿತಿ ಬಿಗಿಯಾಯಿತು. ಎಲ್ಲರೂ ದೇವರಿಗೆ ಬಲಿ ಕೊಡಬೇಕು ಅಂತ ಚಕ್ರವರ್ತಿ ಡೀಸಿಯಸ್ ಆಜ್ಞೆ ಹೊರಡಿಸಿದ. ಕೊಟ್ಟವರಿಗೆ ಸರ್ಟಿಫಿಕೇಟ್ ಸಿಗುತ್ತಿತ್ತು. ಈಜಿಪ್ಟಿನ ಮರಳಿನಲ್ಲಿ ಅಂಥ ಪಪೈರಸ್ ಚೀಟಿಗಳು ಸಿಕ್ಕಿವೆ: ನಾನು ಯಾವಾಗಲೂ ದೇವರಿಗೆ ಬಲಿ ಕೊಟ್ಟವನು, ಈಗ ನಿಮ್ಮೆದುರೇ ಪಾನೀಯ ಅರ್ಪಿಸಿದೆ, ಪ್ರಸಾದ ತಿಂದೆ, ದಯವಿಟ್ಟು ಸಹಿ ಹಾಕಿ. ಸುಮ್ನೆ ದುಡ್ಡು ಕೊಟ್ಟು ಚೀಟಿ ಕೊಂಡ ಕ್ರೈಸ್ತರೂ ಇದ್ದರು. ಅವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಬೇಕೋ ಬೇಡವೋ ಅನ್ನುವ ಜಗಳ ಕಾರ್ತೇಜಿನ ಬಿಷಪ್ ಸಿಪ್ರಿಯನ್‌ನ ಪತ್ರಗಳ ತುಂಬ ಇದೆ. ಅವನನ್ನು 258ರಲ್ಲಿ, ಚಕ್ರವರ್ತಿ ವ್ಯಾಲೇರಿಯನ್ ಕಾಲದಲ್ಲಿ, ಕೊಂದರು.

303ರಲ್ಲಿ ಹಿಂಸೆ ಮತ್ತೆ ಶುರುವಾಗಿ ನಿಕೊಮೀಡಿಯ ನಗರದ ಚರ್ಚನ್ನು ಕೆಡವಿದಾಗ ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ ಅದೇ ಊರಲ್ಲಿದ್ದ. ಹಿಂಸಿಸಿದ ಚಕ್ರವರ್ತಿಗಳು ಹೇಗೆ ಸತ್ತರು ಅಂತ ಅವನು ಬರೆದದ್ದರಲ್ಲಿ ಗಲೇರಿಯಸ್‌ನ ದೇಹ ಕೊಳೆತದ್ದರ ವರ್ಣನೆ ಓದುವುದು ಕಷ್ಟ. 311ರಲ್ಲಿ ಗಲೇರಿಯಸ್ ಹಿಂಸೆ ನಿಲ್ಲಿಸಿ, ನಮ್ಮ ಕ್ಷೇಮಕ್ಕೂ ನಿಮ್ಮ ದೇವರನ್ನು ಬೇಡಿ ಅಂತ ಕ್ರೈಸ್ತರಿಗೆ ಹೇಳಿದ ಆಜ್ಞೆಯನ್ನೂ ಉಳಿಸಿಕೊಟ್ಟವನು ಇವನೇ. ಆದರೆ ಅವನ ದನಿಯಲ್ಲಿ ಟರ್ಟುಲಿಯನ್‌ನ ವಾದವಿಲ್ಲ, ಗೆದ್ದವರ ಧೈರ್ಯ ಇದೆ. ಅವನು ಬರೆಯುವ ಹೊತ್ತಿಗೆ ಹಿಂಸೆ ಮುಗಿದಿತ್ತು, ಕ್ರೈಸ್ತರ ಪರವಾಗಿದ್ದ ಚಕ್ರವರ್ತಿ ಕಾನ್‌ಸ್ಟಂಟೈನ್ ಅಧಿಕಾರದಲ್ಲಿದ್ದ, ಅವನ ಮಗ ಕ್ರಿಸ್ಪಸ್‌ಗೆ ಪಾಠ ಹೇಳಿಕೊಟ್ಟವನೂ ಲ್ಯಾಕ್ಟಾಂಟಿಯಸ್‌ನೇ.