ಕುತ್ತಿಗೆಯ ರಜ್ಜು ಎಲುಬಾದಾಗ: ಒಂದು ವರ್ಗೀಕರಣ ಬೆಳೆದು ಬಂದ ಬಗೆ

ಮಂಡ್ಯ, ಮೈಸೂರಿನ ಕಡೆ ಐವತ್ತು ದಾಟಿದವರ ಕುತ್ತಿಗೆಯಲ್ಲಿ ಏನೇ ತೊಂದರೆ ಕಾಣಿಸಿಕೊಂಡರೂ ಜನ ಅದಕ್ಕೆ ಕೊಡುವ ಹೆಸರು ಒಂದೇ: ಮೂಳೆ ಸವೆತ. ಕೈ ಜೋಮು ಹಿಡಿದರೆ ಸವೆತ, ಕತ್ತು ತಿರುಗದಿದ್ದರೆ ಸವೆತ, ನಡಿಗೆ ತೂರಾಡಿದರೂ ಸವೆತವೇ. ಔಷಧಿ ಅಂಗಡಿಯಿಂದ ಕಾಲರ್ ತಂದು, ನೋವಿನ ಎಣ್ಣೆ ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಬಹುಪಾಲು ಮಂದಿಗೆ ಅದು ನಿಜಕ್ಕೂ ಸವೆತವೇ ಆಗಿರುತ್ತದೆ. ಆದರೆ ಕೆಲವರ ಕುತ್ತಿಗೆಯಲ್ಲಿ ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧವಾದದ್ದು. ಇರಬಾರದ ಜಾಗದಲ್ಲಿ ಹೊಸ ಮೂಳೆ ಹುಟ್ಟಿ, ವರ್ಷದಿಂದ ವರ್ಷಕ್ಕೆ ದಪ್ಪವಾಗಿ, ಬೆನ್ನುಹುರಿಯನ್ನು ಒತ್ತುತ್ತಿರುತ್ತದೆ.

ಕುತ್ತಿಗೆಯ ಏಳು ಕಶೇರುಗಳನ್ನು, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳನ್ನು, ಹಿಡಿದಿಟ್ಟಿರುವುದು ರಜ್ಜುಗಳೆಂಬ ಗಟ್ಟಿ ಪಟ್ಟಿಗಳು. ಕಶೇರುಗಳ ಮುಂಬದಿಯಲ್ಲಿ ಒಂದು ಉದ್ದ ರಜ್ಜು, ಹಿಂಬದಿಯಲ್ಲಿ ಇನ್ನೊಂದು. ಬೆನ್ನುಹುರಿಯ ಹಿಂದೆ, ಕಶೇರುಗಳ ಹಿಂಬದಿಯ ಮೂಳೆ ಕಮಾನುಗಳ ನಡುವೆ ಹಳದಿ ರಜ್ಜು. ಹೆಗ್ಗತ್ತಿನ ಚರ್ಮದ ಕೆಳಗೆ ಮತ್ತೊಂದು. ಇವುಗಳಲ್ಲಿ ಯಾವುದು ಬೇಕಾದರೂ ಎಲುಬಾಗಬಹುದು, ಪರಿಣಾಮ ಮಾತ್ರ ಒಂದೇ ಅಲ್ಲ. ಹೆಗ್ಗತ್ತಿನ ರಜ್ಜಿನಲ್ಲಿ ಮೂಳೆಯ ಚೂರು ಕಂಡರೆ ಸಾಮಾನ್ಯವಾಗಿ ಅಪಾಯವಿಲ್ಲ. ಮುಂಬದಿಯದು ಬೆಳೆದರೆ ಅನ್ನನಾಳವನ್ನು ಒತ್ತಿ ತುತ್ತು ನುಂಗಲು ಕಷ್ಟವಾಗಬಹುದು. ಹಿಂಬದಿಯ ಉದ್ದ ರಜ್ಜು ಇರುವುದು ಬೆನ್ನುಹುರಿ ಸಾಗುವ ಕಾಲುವೆಯ ಒಳಗೋಡೆಯ ಮೇಲೆ. ಅಲ್ಲಿ ಕೆಲವು ಮಿಲಿಮೀಟರ್ ಮೂಳೆ ಬೆಳೆದರೂ ಕೈಕಾಲಿನ ಬಲಕ್ಕೆ ಕುತ್ತು. ಹಿಂಬದಿಯ ಉದ್ದ ರಜ್ಜು ಹೀಗೆ ಎಲುಬಾಗುವುದನ್ನೇ ವೈದ್ಯರು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಒಪಿಎಲ್‌ಎಲ್ ಎಂದು ಕರೆಯುತ್ತಾರೆ.

1838ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಚಾರ್ಲ್ಸ್ ಆಸ್ಟನ್ ಕೀ, ಬೆನ್ನಿನ ರಜ್ಜುಗಳ ಕಾಯಿಲೆಯಿಂದ ಕಾಲುಗಳ ಸ್ವಾಧೀನ ತಪ್ಪಿದ ರೋಗಿಗಳ ಬಗ್ಗೆ ಬರೆದ. ಆಗಿನ್ನೂ ಎಕ್ಸ್‌-ರೇ ಇರಲಿಲ್ಲ. ಕಂಡದ್ದೆಲ್ಲ ಸತ್ತ ಮೇಲೆ ದೇಹ ಕೊಯ್ದಾಗ ಕಂಡದ್ದು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಈ ವಿಷಯ ಹೆಚ್ಚುಕಡಿಮೆ ಮರೆತೇ ಹೋಯಿತು. 1960ರಲ್ಲಿ ಜಪಾನಿನ ತ್ಸುಕಿಮೊಟೊ ಶವಪರೀಕ್ಷೆಯೊಂದರಲ್ಲಿ ಬೆನ್ನುಹುರಿಯನ್ನು ಜಜ್ಜಿದ್ದ ಇಂಥ ಮೂಳೆಯನ್ನು ವರದಿ ಮಾಡಿದರು. 1964ರಲ್ಲಿ ತೆರಾಯಾಮ ಮತ್ತು ಸಂಗಡಿಗರು ಇದಕ್ಕೆ ಇಂದಿನ ಹೆಸರು ಕೊಟ್ಟರು. ಹುಡುಕತೊಡಗಿದಂತೆ ಜಪಾನಿನಲ್ಲಿ ರೋಗಿಗಳು ಸಿಗುತ್ತಲೇ ಹೋದರು. ಮೂವತ್ತು ದಾಟಿದ ಜಪಾನೀಯರಲ್ಲಿ ನೂರಕ್ಕೆ ಸುಮಾರು 2ರಿಂದ 4 ಮಂದಿಯ ಕುತ್ತಿಗೆಯಲ್ಲಿ ಇದು ಕಾಣುತ್ತದೆಂದು ಅಲ್ಲಿನ ಸಮೀಕ್ಷೆಗಳು ಹೇಳಿದವು. ಕೆಲಕಾಲ ಇದನ್ನು ಜಪಾನೀಯರ ರೋಗ ಎಂದೇ ಕರೆದರು. ಆ ಮಾತು ನಿಲ್ಲಲಿಲ್ಲ. ಭಾರತವೂ ಸೇರಿ ಏಷ್ಯಾದ ಬೇರೆ ದೇಶಗಳಿಂದ ವರದಿಗಳು ಬಂದವು, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಈ ಬಗ್ಗೆ ಬರೆದರು.

ಜಪಾನ್ ಸರ್ಕಾರ 1975ರಲ್ಲಿ ಈ ರೋಗಕ್ಕೆಂದೇ ಸಂಶೋಧನಾ ಸಮಿತಿಯೊಂದನ್ನು ರಚಿಸಿತು. ಇಂದಿಗೂ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಸುವ ನಾಲ್ಕು ಬಗೆಗಳು ಬಂದದ್ದು ಆ ಸಮಿತಿಯ ಕೆಲಸದಿಂದ. ಕಬ್ಬಿನ ಜಲ್ಲೆಯನ್ನು ನೆನೆದುಕೊಂಡರೆ ಅರ್ಥವಾಗುವುದು ಸುಲಭ. ಗೆಣ್ಣು ಇರುವುದು ಡಿಸ್ಕಿನ, ಅಂದರೆ ಎರಡು ಕಶೇರುಗಳ ನಡುವಿನ ಮೆತ್ತೆಯ ಜಾಗ, ಎರಡು ಗೆಣ್ಣುಗಳ ನಡುವಿನ ಉದ್ದ ಒಂದು ಕಶೇರು. ಗೆಣ್ಣುಗಳನ್ನು ಬಿಟ್ಟು ಕಶೇರುಗಳ ಹಿಂದೆ ಮಾತ್ರ ತುಂಡು ತುಂಡಾಗಿ ಮೂಳೆ ಬೆಳೆದರೆ ಅದು ಖಂಡ ಬಗೆ. ಗೆಣ್ಣುಗಳನ್ನೂ ದಾಟಿ ಹಲವು ಕಶೇರುಗಳ ಉದ್ದಕ್ಕೆ ಒಂದೇ ಪಟ್ಟಿಯಾಗಿ ಇಳಿದರೆ ಅಖಂಡ ಬಗೆ. ಮೇಲೆ ಅಖಂಡ, ಕೆಳಗೆ ತುಂಡು ಹೀಗೆ ಎರಡೂ ಇದ್ದರೆ ಮಿಶ್ರ. ಬಹುತೇಕ ಡಿಸ್ಕಿನ ಮಟ್ಟಕ್ಕೇ ಸೀಮಿತವಾಗಿದ್ದರೆ ಸ್ಥಳೀಯ.

ಈ ವಿಂಗಡಣೆ ಪಕ್ಕದಿಂದ ತೆಗೆದ ಒಂದು ಎಕ್ಸ್‌-ರೇ ಚಿತ್ರವನ್ನು ನೆಚ್ಚಿಕೊಂಡದ್ದು. ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ ಎಂಬುದೇ ಅದರ ದೊಡ್ಡ ಗುಣ. ಅದರ ಕೊರತೆಯೂ ಅಲ್ಲೇ ಇದೆ. ಅದು ಆಕಾರವನ್ನು ಹೇಳುತ್ತದೆ, ಆಕಾರದಿಂದ ಆಪತ್ತನ್ನು ನೇರವಾಗಿ ಅಳೆಯಲಾಗದು. ಅಖಂಡ ಮತ್ತು ಮಿಶ್ರ ಬಗೆಗಳು ಮುಂದೆ ಬೆಳೆಯುವ ಸಂಭವ ಹೆಚ್ಚು. ಆದರೆ ಅಖಂಡವಾಗಿ ಬೆಸೆದುಕೊಂಡ ಕುತ್ತಿಗೆ ಅಲ್ಲಾಡುವುದಿಲ್ಲವಾದ್ದರಿಂದ, ದಪ್ಪ ಮೂಳೆ ಇದ್ದರೂ ಬೆನ್ನುಹುರಿ ಎಷ್ಟೋ ಕಾಲ ತಾಳಿಕೊಳ್ಳುತ್ತದೆ. ಖಂಡ ಬಗೆಯಲ್ಲಿ ಮೂಳೆ ತೆಳ್ಳಗಿದ್ದರೂ ಚಲನೆ ಉಳಿದಿರುತ್ತದೆ. ಪ್ರತಿ ಸಲ ಕತ್ತು ಬಾಗಿದಾಗಲೂ ಹುರಿಗೆ ಪೆಟ್ಟು.

ಹೀಗಾಗಿ ಆಕಾರದ ಜೊತೆಗೆ ಅಳತೆ ಬಂತು. ಕಾಲುವೆಯ ಅಗಲದಲ್ಲಿ ಮೂಳೆ ಎಷ್ಟು ಪಾಲನ್ನು ಆಕ್ರಮಿಸಿದೆ ಎಂಬುದೊಂದು ಲೆಕ್ಕ, ಹುರಿಗೆ ಉಳಿದ ಜಾಗ ಎಷ್ಟು ಎಂಬುದು ಇನ್ನೊಂದು. ಜಪಾನಿನ ಕಾಗೋಶಿಮಾದ ಮತ್ಸುನಾಗ ತಂಡ ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿತು. ಶೇ. 60ಕ್ಕಿಂತ ಹೆಚ್ಚು ಜಾಗ ಮುಚ್ಚಿಹೋಗಿದ್ದವರೆಲ್ಲರಲ್ಲೂ ಬೆನ್ನುಹುರಿಯ ತೊಂದರೆ ಕಂಡಿತು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಜೊತೆಯಲ್ಲೇ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೊದಲ ಭೇಟಿಯಲ್ಲಿ ಬೆನ್ನುಹುರಿಯ ಲಕ್ಷಣವಿಲ್ಲದವರಲ್ಲಿ, 30 ವರ್ಷಗಳ ಬಳಿಕವೂ ಅದರಿಂದ ಪಾರಾಗಿರುವವರ ಪ್ರಮಾಣ ಶೇ. 71 ಎಂದು ಅಂದಾಜಾಯಿತು. ಸ್ಕ್ಯಾನ್ ವರದಿಯಲ್ಲಿ ಈ ಹೆಸರು ಓದಿದ ಕೂಡಲೇ ಕೈಕಾಲು ಹೋದವೆಂದು ಕಂಗಾಲಾಗಬೇಕಿಲ್ಲ.

ಲಕ್ಷಣವಿಲ್ಲದಿದ್ದರೂ ಎಚ್ಚರ ಬೇಕೇ ಬೇಕು. ಇಂಥ ಕುತ್ತಿಗೆಗೆ ಸ್ಕೂಟರಿನಿಂದ ಬಿದ್ದ ಸಣ್ಣ ಪೆಟ್ಟೂ ಸಾಕು, ಮೂಳೆ ಮುರಿಯದೆಯೇ ಕೈಕಾಲು ಸೋಲಬಹುದು. ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ಲಟಿಕೆ ತೆಗೆಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಈ ರೋಗವಿರುವವರು ಅದನ್ನು ಬಿಟ್ಟುಬಿಡಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಗುವುದು ಮೊದಲ ಸೂಚನೆಗಳು. 10 ಸೆಕೆಂಡಿನಲ್ಲಿ ಮುಷ್ಟಿ ಬಿಗಿದು ಬಿಚ್ಚುವುದು 20 ಸಲವೂ ಆಗದಿದ್ದರೆ ವೈದ್ಯರು ಹುರಿಯ ಕಡೆ ನೋಡುತ್ತಾರೆ. ನೋವು ಇಲ್ಲವೆಂಬುದು ಇಲ್ಲಿ ಸಮಾಧಾನದ ವಿಷಯವಲ್ಲ.

ವರ್ಗೀಕರಣದ ಮುಂದಿನ ತಿರುವು ಬಂದದ್ದು ಶಸ್ತ್ರಚಿಕಿತ್ಸೆಯ ಕೋಣೆಯಿಂದ. ಜಪಾನಿನ ಶಸ್ತ್ರವೈದ್ಯ ಹಿರಬಯಾಶಿ 1970ರ ದಶಕದ ಕೊನೆಯಲ್ಲಿ ಒಂದು ಉಪಾಯ ಹುಡುಕಿದರು. ಮುಂದಿರುವ ಮೂಳೆಯನ್ನು ಮುಟ್ಟದೆ, ಹಿಂದಿನ ಕಮಾನುಗಳನ್ನು ಬಾಗಿಲಿನಂತೆ ಒಂದು ಪಕ್ಕಕ್ಕೆ ತೆರೆಯುವುದು. ಜಾಗ ಸಿಕ್ಕಿದ ಬೆನ್ನುಹುರಿ ಹಿಂದಕ್ಕೆ ಸರಿದು ಒತ್ತಡದಿಂದ ಪಾರಾಗುತ್ತದೆ. ಹಲವರು ಚೇತರಿಸಿಕೊಂಡರು, ಕೆಲವರು ಚೇತರಿಸಿಕೊಳ್ಳಲಿಲ್ಲ. ಯಾಕೆ ಎಂಬುದಕ್ಕೆ ನಾಲ್ಕು ಬಗೆಗಳ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

2008ರಲ್ಲಿ ಫುಜಿಯೊಶಿ ಮತ್ತು ಸಂಗಡಿಗರು ಕೊಟ್ಟ ಉತ್ತರ ಅಚ್ಚರಿಯಾಗುವಷ್ಟು ಸರಳ. ಪಕ್ಕದ ಎಕ್ಸ್‌-ರೇಯಲ್ಲಿ ಎರಡನೆಯ ಕಶೇರುವಿನ ಮಟ್ಟದಲ್ಲಿ ಕಾಲುವೆಯ ನಡುಬಿಂದು, ಏಳನೆಯದರ ಮಟ್ಟದಲ್ಲಿ ಇನ್ನೊಂದು ನಡುಬಿಂದು, ಎರಡನ್ನೂ ಸೇರಿಸಿ ಒಂದು ಗೆರೆ. ಇದನ್ನು ಕೆ-ಗೆರೆ ಎನ್ನುತ್ತಾರೆ. ಬೆಳೆದ ಮೂಳೆ ಗೆರೆಯ ಮುಂದೆಯೇ ಉಳಿದಿದ್ದರೆ ಹಿಂದಿನಿಂದ ಬಾಗಿಲು ತೆರೆದಾಗ ಹುರಿಗೆ ಸರಿಯಲು ದಾರಿಯಿದೆ. ಮೂಳೆ ಗೆರೆಯನ್ನು ದಾಟಿ ಹಿಂದಕ್ಕೆ ಬಂದಿದ್ದರೆ, ಬಾಗಿಲು ತೆರೆದರೂ ಹುರಿ ಆ ಉಬ್ಬಿನ ಮೇಲೆಯೇ ಒರಗಿರುತ್ತದೆ. ಮೂಳೆಯ ದಪ್ಪ ಮತ್ತು ಕುತ್ತಿಗೆಯ ಬಾಗು ಎರಡನ್ನೂ ಆ ಒಂದು ಗೆರೆ ಲೆಕ್ಕಕ್ಕೆ ತೆಗೆದುಕೊಂಡಿತು. ಕತ್ತು ಮುಂದಕ್ಕೆ ಗೂನಾಗಿ ಬಾಗಿದ್ದರೆ ಸಾಧಾರಣ ದಪ್ಪದ ಮೂಳೆಯೂ ಗೆರೆ ದಾಟುತ್ತದೆ. ಗೆರೆ ದಾಟಿದಾಗ ಮುಂದಿನಿಂದ ಹೋಗಿ ಮೂಳೆಯನ್ನೇ ತೆಗೆಯುವ, ಇಲ್ಲವೇ ಹಿಂದಿನಿಂದ ತೆರೆದು ಸ್ಕ್ರೂ ಹಾಕಿ ಬೆಸೆಯುವ ದಾರಿಯ ಬಗ್ಗೆ ಯೋಚಿಸುತ್ತಾರೆ. ಮುಂಬದಿಯಿಂದ ಹೋಗುವ ದಾರಿಗೆ ಅದರದೇ ಅಪಾಯವಿದೆ. ಕೆಲವರಲ್ಲಿ ಹುರಿಯನ್ನು ಸುತ್ತಿದ ಪೊರೆಯೂ ಮೂಳೆಯಾಗಿರುತ್ತದೆ, ಅದನ್ನು ಬಿಡಿಸುವಾಗ ಪೊರೆ ಹರಿಯಬಹುದು. ಸಿಟಿ ಸ್ಕ್ಯಾನಿನಲ್ಲಿ ಎರಡು ಬಿಳಿ ಪದರಗಳ ನಡುವೆ ಕಪ್ಪು ಗೆರೆ ಕಂಡರೆ ಇದರ ಸುಳಿವು ಎಂದು 1997ರಲ್ಲಿ ಗುರುತಿಸಲಾಯಿತು. 2014ರಲ್ಲಿ ಕವಾಗುಚಿ ತಂಡ ಸಿಟಿ ಚಿತ್ರಗಳನ್ನೇ ಆಧರಿಸಿ, ಮೂಳೆ ಕಶೇರುಗಳ ನಡುವೆ ಸೇತುವೆ ಕಟ್ಟಿದೆಯೇ ಇಲ್ಲವೇ ಎಂದು ವಿಂಗಡಿಸಿತು. ಎಂಆರ್‌ಐ ಹುರಿಯ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ, ಮೂಳೆಯ ಗುರುತಿಗೆ ಸಿಟಿ ಬೇಕು. ಖರ್ಚಾಯಿತೆಂದು ಎರಡನೆಯದನ್ನು ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಇಷ್ಟೆಲ್ಲ ವಿಂಗಡಣೆಗಳಲ್ಲೂ ನನಗೆ ಕಾಣುವ ಒಂದು ಖಾಲಿ ಜಾಗವಿದೆ: ಕಾರಣ. ಜಪಾನಿನ ಸಂಶೋಧಕರು ವಂಶವಾಹಿಗಳನ್ನು ಹುಡುಕಿದರು, ಮಧುಮೇಹ ಮತ್ತು ಬೊಜ್ಜಿನ ನಂಟನ್ನು ಗುರುತಿಸಿದರು. ನಮ್ಮ ನೆಲದಲ್ಲಿ ಇನ್ನೊಂದು ಕಾರಣವಿದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯ ಹಳ್ಳಿಗಳಿಂದ, ಬಾವಿ ನೀರಿನ ಫ್ಲೋರೈಡ್‌ನಿಂದ ಬೆನ್ನು ಬಿಗಿದು ರಜ್ಜುಗಳು ಎಲುಬಾದ ರೋಗಿಗಳನ್ನು ಶಾರ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ ಜಾಗಗಳಿರುವ ಕರ್ನಾಟಕದ ಜಿಲ್ಲೆಗಳಲ್ಲಿ ಮಂಡ್ಯವೂ ಇದೆ. ಲೀಟರಿಗೆ 1.5 ಮಿಲಿಗ್ರಾಂ ಕುಡಿಯುವ ನೀರಿನ ಮೇಲಿನ ಮಿತಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಹಸಿರು ಕಂಡವರಿಗೆ, ಅದೇ ಜಿಲ್ಲೆಯ ಒಣಭೂಮಿಯ ಊರುಗಳು ಆಳದ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದದ್ದು ನೆನಪಾಗುವುದಿಲ್ಲ.

ಫ್ಲೋರೈಡ್‌ನಿಂದ ಗಟ್ಟಿಯಾದ ಕುತ್ತಿಗೆಯೂ ಎಕ್ಸ್‌-ರೇಯಲ್ಲಿ ಖಂಡವೋ ಅಖಂಡವೋ ಆಗಿಯೇ ಕಾಣಬಹುದು. ಬೇರ್ಪಡಿಸುವುದು ಹೇಗೆಂಬುದು ಕಷ್ಟದ ಪ್ರಶ್ನೆಯಲ್ಲ. ಮುಂದೋಳಿನ ಒಂದು ಎಕ್ಸ್‌-ರೇ ತೆಗೆದರೆ ಅಲ್ಲಿನ ಎರಡು ಮೂಳೆಗಳ ನಡುವಿನ ಪೊರೆಯೂ ಎಲುಬಾಗಿರುವುದು ಕಾಣುತ್ತದೆ, ಬೆನ್ನು ಮತ್ತು ಸೊಂಟದ ಮೂಳೆಗಳು ಅಸಹಜವಾಗಿ ದಟ್ಟವಾಗಿರುತ್ತವೆ, ಮೂತ್ರದಲ್ಲಿ ಫ್ಲೋರೈಡ್ ಪ್ರಮಾಣವನ್ನು ಅಳೆಯಬಹುದು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ರೋಗಿ ಅದೇ ಕೊಳವೆಬಾವಿಯ ನೀರು ಕುಡಿಯುವಂತಾಗಬಾರದು. ಹಾಗಾಗಿ ಈ ಭಾಗದ ರೋಗಿಯ ಕಡತದಲ್ಲಿ ಬಗೆ, ಶೇಕಡಾವಾರು ಅಳತೆ, ಕೆ-ಗೆರೆ ಇವುಗಳ ಪಕ್ಕದಲ್ಲಿ ಊರಿನ ಹೆಸರನ್ನೂ ಕುಡಿಯುವ ನೀರಿನ ಮೂಲವನ್ನೂ ಬರೆಯಬೇಕು.