ಗೋಳಗುಮ್ಮಟದ ಹಿಂದಿನ ಮಿನಾರು ಹಾಳ್ಯಾಗ ಹೆಂಗ ಬಂತು?

ವಿಜಯಪುರದಾಗ ಸಾಲಿ ಹುಡುಗ್ರಿಗೆ ಚಿತ್ರ ತಗೀರಿ ಅಂದ್ರ ಗೋಳಗುಮ್ಮಟ ತಪ್ಪಂಗಿಲ್ಲ. ಬೇಕಾದ್ರ ಅದರ ಬಾಗಲಾ ಎದುರಿಗೇ ಕುಂದರಿಸಿ ತಗಸ್ರಿ, ನೆಟ್ಟಗ ಎದುರಿಗೆ ಕುಂತವ್ರಿಗೆ ಕಾಣೂದು ಮುಂದಿನ ಎರಡ ಮಿನಾರು, ಹಿಂದಿನವೆರಡೂ ಗೋಡಿ ಮರಿಗೆ ಇರ್ತಾವು, ಆದ್ರೂ ಸಣ್ಣ ಹುಡುಗ್ರ ಹಾಳ್ಯಾಗ ಭಾಳ ಸಲ ನಾಕೂ ಬಂದ ಬಿಡ್ತಾವು. ಕಣ್ಣಿಗೆ ಏನೂ ಆಗಿಲ್ರಿ, ಮಿನಾರು ನಾಕು ಅದಾವು ಅಂತ ಗೊತ್ತೈತಿ, ಗೊತ್ತಿದ್ದದ್ದನ್ನ ತಗೀತಾರ. ಫ್ರಾನ್ಸಿನ ಲ್ಯೂಕೆ ಅನ್ನಾವ್ರು 1927ರಾಗನ ಮಕ್ಕಳ ಈ ಚಾಳಿ ಬಗ್ಗೆ ಬರದಿಟ್ಟಾರ.

ದೊಡ್ಡವ್ರೇನ್ ಕಮ್ಮಿ ಇಲ್ಲ. ಒಂದು ಗಂಗಾಳ ಟೇಬಲ್ ಮ್ಯಾಲ ಇಟ್ಟು ಸ್ವಲ್ಪ ದೂರ ಕುಂತು ತಗದ ನೋಡ್ರಿ. ಕಣ್ಣಾಗ ಬಿದ್ದಿರೂದು ಚಪ್ಪಟಿ, ಉದ್ದನ ಆಕಾರ, ಆದ್ರ ಗಂಗಾಳ ಅಂದ್ರ ದುಂಡಗ ಇರ್ತೈತಿ ಅಂತ ಮೆದುಳಿಗೆ ಗೊತ್ತಲ್ಲ, ನಮ್ಮನ್ನ ಕೇಳದನ ತಿದ್ದಿ ಬಿಡ್ತೈತಿ, ಕೈ ಇದ್ದದ್ದಕ್ಕಿಂತ ದುಂಡಗ ಗೆರಿ ಎಳೀತೈತಿ. ದಿನದ ಬಾಳ್ವಿಗೆ ಈ ತಿದ್ದುಪಡಿ ಬೇಕ ಬೇಕು, ಇಲ್ಲಾಂದ್ರ ದೂರದಿಂದ ಬರೂ ಬಸ್ಸು ಆಟಿಗಿ ಸಾಮಾನಿನಂಗ ಕಾಣ್ತಿತ್ತು. ಚಿತ್ರ ತಗಿಯೂ ಮುಂದ ಮಾತ್ರ ಇದ ಅಡ್ಡ ಬರ್ತೈತಿ. ಕಲಾವಿದ್ರು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್ ಮ್ಯಾಲ ಹೆಬ್ಬಟ್ಟು ಸರಿಸಿ ಅಳತಿ ತಗೋತಾರಲ್ಲ, ಸ್ಟೈಲ್ ಹೊಡಿಯಾಕತ್ತಾರ ಅನ್ಕೋಬ್ಯಾಡ್ರಿ, ತಿದ್ದುಪಡಿ ತಪ್ಪಿಸೂ ಉಪಾಯ ಅದು. ‘ನನ್ನ ಕೈ ಸರಿ ಇಲ್ಲ’ ಅನ್ನಾವ್ರಿಗೆ ನಾ ಹೇಳೂದು ಇಷ್ಟ, ಸಹಿ ಮಾಡಾಕ ಬರೂ ಕೈ ಗೆರಿಗೂ ಸಾಕು.

ಕಣ್ಣಿನ ಸುದ್ದಿ ತಲಿ ಹಿಂಭಾಗಕ್ಕ ಹೋಗಿ ಅಲ್ಲಿಂದ ಎರಡು ದಾರಿ ಹಿಡೀತೈತಿ. ಕೆಳಗಿಂದು ‘ಇದೇನು’ ಅಂತ ಗುರುತಿಸಾಕ, ಮ್ಯಾಲಿಂದು ‘ಎಲ್ಲೈತಿ, ಕೈ ಹೆಂಗ ಹಾಕೂದು’ ಅನ್ನೂದಕ್ಕ. ಮ್ಯಾಲಿನ ಬಲಭಾಗಕ್ಕ ಪೆಟ್ಟಾದ ಕೆಲವು ಪಾರ್ಶ್ವವಾಯು ಪೇಷಂಟ್‌ಗಳು ಗಡಿಯಾರ ತಗದ್ರ ಹನ್ನೆರಡೂ ಅಂಕಿ ಬಲಕ್ಕ ತುರುಕ್ತಾರ, ಎಡಗಡೆ ಖಾಲಿ. ಕೆಳಗಿನ ದಾರಿ ಕೆಟ್ರ ಏನಾಗ್ತೈತಿ ಅಂತ ಡಿ.ಎಫ್. ಅಂತ ಕರಿಯೂ ಹೆಣ್ಮಗಳಿಂದ ಗೊತ್ತಾತು. 1988ರಾಗ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿ ಕುಡದು ಆಕಿ ಮೆದುಳಿಗೆ ಪೆಟ್ಟಾತು. ಸೇಬಿನ ಚಿತ್ರ ತೋರಿಸಿದ್ರ ಗುರ್ತ ಹಿಡಿಯಂಗಿಲ್ಲ, ನೋಡಿ ತಗಿ ಅಂದ್ರ ಬರಂಗಿಲ್ಲ, ಆದ್ರ ‘ಸೇಬು ತಗಿಯವ್ವಾ’ ಅಂತ ಬಾಯಿಲೆ ಹೇಳಿದ್ರ ನೆನಪಿನಿಂದ ತಗೀತಿದ್ಲು! ಆಮ್ಯಾಲ ಅದನ್ನ ತೋರಿಸಿದ್ರ, ತಾನ ತಗದದ್ದು ಏನಂತ ಆಕಿಗೇ ತಿಳೀತಿರಲಿಲ್ಲ.

ಇನ್ನ ಮನಸಿನ್ಯಾಗ ಚಿತ್ರನ ಮೂಡದ ಮಂದಿ ಅದಾರ, ಕಣ್ಣು ಮುಚ್ಚಿದ್ರ ಅವ್ವನ ಮುಖಾನೂ ಕಾಣಂಗಿಲ್ಲ ಅವ್ರಿಗೆ. ಇದಕ್ಕ ಅಫ್ಯಾಂಟೇಸಿಯಾ ಅಂತ 2015ರಾಗ ಹೆಸರಿಟ್ರು. ಇಂಥವ್ರಿಗೆ ಖೋಲಿ ಫೋಟೋ ತೋರಿಸಿ, ನೆನಪಿಂದ ತಗೀರಿ ಅಂದಾಗ ಸಾಮಾನು ಕಡಿಮಿ ಬಂದುವು, ಬಣ್ಣಾನೂ ಕಡಿಮಿ, ಆದ್ರ ತಗದಷ್ಟು ಸಾಮಾನು ತಮ್ಮ ತಮ್ಮ ಜಾಗಾದಾಗ ಬ್ಯಾರೆಯವ್ರಷ್ಟ ಸರಿ ಕುಂತಿದ್ದುವು.