ಮ್ಯಾನೇಜರ್ ಓಡಿ ಬಂದು ಅಂಪೈರ್ ಜೊತೆ ಜಗಳ ಆಡುತ್ತಿದ್ದದ್ದು ಯಾಕೆ?

ಪ್ರಶ್ನೆ: ಹಳೇ ಬೇಸ್‌ಬಾಲ್ ವಿಡಿಯೊಗಳಲ್ಲಿ ಮ್ಯಾನೇಜರ್ (ತಂಡವನ್ನು ಆಡಿಸುವ ಮುಖ್ಯಸ್ಥ) ಮೈದಾನಕ್ಕೆ ನುಗ್ಗಿ ಅಂಪೈರ್ ಮೇಲೆ ಕೂಗಾಡ್ತಾರೆ, ಮಣ್ಣು ಒದೀತಾರೆ. ಇಷ್ಟೆಲ್ಲ ಮಾಡಿದ್ರೆ ತೀರ್ಪು ಬದಲಾಗ್ತಿತ್ತಾ?

ಉತ್ತರ: ತೀರಾ ಅಪರೂಪ. ಔಟೋ ಅಲ್ಲವೋ ಅನ್ನೋದರಲ್ಲಿ ಅಂಪೈರ್ ಹೇಳಿದ್ದೇ ಕೊನೆ ಅಂತ ನಿಯಮದಲ್ಲೇ ಇತ್ತು. ಅದು ಮ್ಯಾನೇಜರಿಗೂ ಗೊತ್ತು. ಆದರೂ ಓಡಿ ಬರುತ್ತಿದ್ದದ್ದು ಜಾಸ್ತಿ ತನ್ನ ಆಟಗಾರನಿಗಾಗಿ. ಸಿಟ್ಟಲ್ಲಿ ಅವನು ಒಂದು ಮಾತು ಹೆಚ್ಚಿಗೆ ಆಡಿದರೆ ಅಂಪೈರ್ ಹೊರಗೆ ಹಾಕುತ್ತಾರೆ, ಆ ಪಂದ್ಯಕ್ಕೆ ಅವನು ಮತ್ತೆ ಬರುವಂತಿಲ್ಲ. ಅದಕ್ಕೆ ಮ್ಯಾನೇಜರ್ ನಡುವೆ ನುಗ್ಗಿ, ಬೈಯೋದನ್ನೆಲ್ಲ ತಾನೇ ಬೈದು, ತಾನೇ ಹೊರಗೆ ಹೋಗುತ್ತಿದ್ದರು. ತಂಡವನ್ನು ಕೋಚ್ ಯಾರಾದರೂ ನೋಡಿಕೊಳ್ಳುತ್ತಾರೆ, ಒಳ್ಳೇ ಬ್ಯಾಟರ್ ಹೋದರೆ ನಷ್ಟ. ಅಟ್ಲಾಂಟಾ ಬ್ರೇವ್ಸ್‌ನ ಬಾಬಿ ಕಾಕ್ಸ್ ಹೀಗೆ ಲೀಗ್ ಪಂದ್ಯಗಳಲ್ಲೇ 158 ಸಲ ಹೊರಬಿದ್ದರು. ಅದೇ ದಾಖಲೆ.

ಆದರೆ ಜಗಳ ನೋಡಬೇಕಿದ್ದರೆ ಅರ್ಲ್ ವೀವರ್ ಅವರದ್ದು. 1968ರಿಂದ ಬಾಲ್ಟಿಮೋರ್ ಓರಿಯೋಲ್ಸ್‌ನ ಮ್ಯಾನೇಜರ್. ಕುಳ್ಳಗಿನ ಆಳು, ಗೊಗ್ಗರು ದನಿ. ಮೈದಾನದ ಅಂಚಿನಲ್ಲಿ ಟೊಮೆಟೊ ಗಿಡ ಬೆಳೆಸುತ್ತಿದ್ದ ಮನುಷ್ಯ! ಅಂಪೈರ್ ಹತ್ತಿರ ಬಂದ ಕೂಡಲೇ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತಿದ್ದರು. ಟೋಪಿಯ ಅಂಚು ಅಂಪೈರ್ ಮುಖಕ್ಕೆ ತಾಗಿದರೆ ಮೈಮುಟ್ಟಿದ ತಪ್ಪಾಗುತ್ತೆ. ಅದನ್ನು ತಿರುಗಿಸಿಬಿಟ್ಟರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕೂಗಬಹುದು, ಅಲ್ವಾ? ಅಷ್ಟು ಸಿಟ್ಟಲ್ಲೂ ಈ ಲೆಕ್ಕ ತಪ್ಪುತ್ತಿರಲಿಲ್ಲ. ನನ್ನ ಪ್ರಕಾರ ಅರ್ಧ ಸಿಟ್ಟು, ಅರ್ಧ ನಾಟಕ.

1980ರ ಸೆಪ್ಟೆಂಬರ್‌ನಲ್ಲಿ ಬಿಲ್ ಹ್ಯಾಲರ್ ಅನ್ನೋ ಅಂಪೈರ್ ಟಿವಿ ಕಾರ್ಯಕ್ರಮಕ್ಕೆಂದು ಮೈಕ್ ಕಟ್ಟಿಕೊಂಡಿದ್ದರು. ಪಿಚರ್ (ಚೆಂಡು ಎಸೆಯುವವನು) ಬೇಸ್‌ನಲ್ಲಿರುವ ರನ್ನರನ್ನು ಯಾಮಾರಿಸುವಂತೆ ಕದಲಿದ ಅಂತ 'ಬಾಕ್' ಅನ್ನೋ ತಪ್ಪು ಕೊಟ್ಟರು. ವೀವರ್ ಬಂದರು. ಆಮೇಲಿನದ್ದೆಲ್ಲ ರೆಕಾರ್ಡ್ ಆಗಿದೆ, ಮಕ್ಕಳ ಮುಂದೆ ಹಾಕಬೇಡಿ. ನೀನು ನನ್ನ ಮುಟ್ಟಿದೆ, ನೀನೇ ಮುಟ್ಟಿದೆ ಅಂತ ಶುರುವಾಗಿ, ವೀವರ್ ತಾನು ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ ಹಾಲ್ ಆಫ್ ಫೇಮ್‌ಗೆ ಹೋಗುವವನು ಅನ್ನುವವರೆಗೂ ಮಾತು ಬೆಳೆಯುತ್ತೆ. 1996ರಲ್ಲಿ ನಿಜಕ್ಕೂ ಹೋದರು.

ಅಂಪೈರ್‌ಗಳೇನು ಸುಮ್ನೆ ಇರುತ್ತಿರಲಿಲ್ಲ. ರಾನ್ ಲೂಸಿಯಾನೊ 1975ರಲ್ಲಿ ಒಂದೇ ದಿನದ ಎರಡು ಪಂದ್ಯಗಳಿಂದಲೂ ವೀವರ್ ಅವರನ್ನು ಹೊರಗಟ್ಟಿದರು. ಎರಡನೆಯದು ಇನ್ನೂ ಶುರುವೇ ಆಗಿರಲಿಲ್ಲ, ಆಟಗಾರರ ಪಟ್ಟಿ ಕೊಡುವಾಗಲೇ! ಅದಕ್ಕೂ ಹಿಂದಿನ ಕಾಲದ ಬಿಲ್ ಕ್ಲೆಮ್ ಅವರದ್ದು ಬೇರೆ ಶೈಲಿ. ಬೂಟಿನ ತುದಿಯಿಂದ ಮಣ್ಣಲ್ಲೊಂದು ಗೆರೆ ಎಳೆದು, ಬೆನ್ನು ಹಾಕಿ ನಡೆದುಬಿಡುತ್ತಿದ್ದರು. ಲಕ್ಷ್ಮಣರೇಖೆಯೇ. ದಾಟಿದವರು ಹೊರಗೆ.

2014ರಿಂದ ಮ್ಯಾನೇಜರ್ ವಿಡಿಯೊ ಮರುಪರಿಶೀಲನೆ ಕೇಳಬಹುದು, ಹಾಗಾಗಿ ಓಡಿ ಬರೋದು ಕಡಿಮೆಯಾಯಿತು. ಬಾಲ್‌–ಸ್ಟ್ರೈಕ್ ಜಗಳವೊಂದು ಉಳಿದಿತ್ತು, ಅಂದರೆ ಎಸೆದ ಚೆಂಡು ಬ್ಯಾಟರ್ ಹೊಡೆಯಬಹುದಾದ ಜಾಗದಲ್ಲಿ ಬಂತೋ ಇಲ್ಲವೋ ಅನ್ನೋದು. 2026ರಿಂದ ಅದಕ್ಕೂ ಕ್ಯಾಮೆರಾ ಬಂದಿದೆ. ಆದರೆ ಕೇಳುವ ಹಕ್ಕು ಪಿಚರ್, ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್, ಬ್ಯಾಟರ್‌ಗೆ ಮಾತ್ರ, ಮ್ಯಾನೇಜರಿಗಿಲ್ಲ. ಕೂಗೋದೂ ಬೇಡ. ಟೋಪಿಯನ್ನೋ ಹೆಲ್ಮೆಟನ್ನೋ ಒಂದು ಸಲ ತಟ್ಟಿದರೆ ಸಾಕು.